ಬೇರೆಯಾದ ಕಾರಣ

ನೋಟೀಸನ್ನು ಯಾರ ಗೋಡೆಗೂ ಅಂಟಿಸಲಿಲ್ಲ, ಪೈಪಿಗೆ ಅಂಟಿಸಿದರು.

ಊರಿಗೆಲ್ಲ ನೀರು ಒಯ್ಯುವ ಆ ದೊಡ್ಡ ಕಬ್ಬಿಣದ ಪೈಪು ನಮ್ಮ ಮನೆಗಳ ಹಿಂದೆ ಸೊಂಟದೆತ್ತರಕ್ಕೆ ಮಲಗಿತ್ತು. ಅದರ ಮೇಲೆ ನಾವು ಬಟ್ಟೆ ಒಣಗಿಸುತ್ತಿದ್ದೆವು, ಮಕ್ಕಳು ಕೈ ಅಗಲಿಸಿಕೊಂಡು ನಡೆಯುತ್ತಿದ್ದರು, ಸಂಜೆ ಗಂಡಸರು ಅದಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದರು. ಅಪ್ಪ ಅದನ್ನು ಹಾಕಲು ಬಂದ ಕೆಲಸಗಾರರಲ್ಲಿ ಒಬ್ಬರು. ಕೆಲಸ ಮುಗಿಯುವ ತನಕ ಇರಲಿ ಎಂದು ಪಕ್ಕದಲ್ಲೇ ತಗಡಿನ ಶೆಡ್ಡು ಹಾಕಿಕೊಂಡರಂತೆ. ಕೆಲಸ ಮುಗಿಯಿತು, ಶೆಡ್ಡು ಉಳಿಯಿತು. ತಗಡಿದ್ದ ಕಡೆ ಇಟ್ಟಿಗೆ ಬಂತು, ಅಣ್ಣ ಹುಟ್ಟಿದ, ಹನ್ನೆರಡು ವರ್ಷ ಬಿಟ್ಟು ನಾನು ಹುಟ್ಟಿದೆ. ನಮ್ಮ ಓಣಿಗೆ ಪೈಪ್ ಸಾಲು ಎಂದೇ ಹೆಸರಾಯಿತು.

ನೋಟೀಸನ್ನು ಓದಿ ಹೇಳಿದವನು ಮೂಲೆಯಂಗಡಿಯ ಕ್ಷೌರಿಕ, ಕತ್ರಿ ಮಾಮ. ಅರ್ಧ ಕ್ಷೌರವಾದ ಒಬ್ಬ ಗಿರಾಕಿಯೂ ಕೊರಳಿಗೆ ಬಟ್ಟೆ ಸುತ್ತಿಕೊಂಡೇ ಅವನ ಹಿಂದೆ ಬಂದು ನಿಂತಿದ್ದ.

“ಹೊಸ ಪೈಪು ಬರುತ್ತಂತೆ, ಇದರ ಎರಡರಷ್ಟು ದಪ್ಪ. ಪಕ್ಕದಲ್ಲಿ ರಸ್ತೆಯಂತೆ. ನಾವು ಜಾಗ ಬಿಡಬೇಕಂತೆ.”

“ಬಿಟ್ಟು ಎಲ್ಲಿಗೆ ಹೋಗೋದು?” ಅಮ್ಮ ಕೇಳಿದಳು.

“ಸರ್ಕಾರ ನಾಲ್ಕು ಮಹಡಿ ಮನೆಗಳನ್ನ ಕಟ್ಟಿಸಿದೆಯಲ್ಲಕ್ಕಾ, ಅಲ್ಲಿಗೆ. ಒಂದು ಕೋಣೆ, ಒಂದು ಅಡುಗೆಮನೆ. ಕಕ್ಕಸು ಒಳಗೇ ಇರುತ್ತಂತೆ.”

ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾಲಿನ ಕೊನೆಯಲ್ಲಿದ್ದ ನಾಲ್ಕು ಕಕ್ಕಸುಗಳ ಮುಂದೆ ಚೊಂಬು ಹಿಡಿದು ನಿಂತು ನಿಂತು ನಮ್ಮ ಆಯುಷ್ಯದಲ್ಲಿ ಎಷ್ಟೋ ಭಾಗ ಕಳೆದಿತ್ತು.

“ಇದನ್ನ ಕೇಳಿ,” ಎಂದು ಕತ್ರಿ ಮಾಮ ಬೆರಳಿಟ್ಟು ಓದಿದ. “ಒಂದೇ ಸೂರಿನ ಕೆಳಗಿದ್ದರೂ ಬೇರೆ ಅಡುಗೆ ಮಾಡಿಕೊಳ್ಳುವವರನ್ನು ಬೇರೆ ಕುಟುಂಬವೆಂದು ಪರಿಗಣಿಸಲಾಗುವುದು. ಅಂದ್ರೆ ಏನು? ಒಂದು ಒಲೆಗೆ ಒಂದು ಮನೆ.”

ಅವತ್ತು ಸಂಜೆ ಊಟದ ಹೊತ್ತಿಗೆ ಅಣ್ಣ ಮಾತು ತೆಗೆದ. ಅವನು ಗೇಟು, ಕಿಟಕಿಗಳ ವೆಲ್ಡಿಂಗ್ ಕೆಲಸದವನು; ಮನೆಗೆ ಬಂದರೂ ಕಣ್ಣು ಕೆಂಪಗಿರುತ್ತಿತ್ತು, ದನಿ ಜೋರಾಗಿರುತ್ತಿತ್ತು.

“ಆರು ಜನ ಒಂದು ಕೋಣೇಲಿ ಹೇಗಮ್ಮಾ ಇರೋದು? ಇನ್ನೊಂದು ಒಲೆ ಇಟ್ಟುಬಿಡೋಣ.”

ಅಮ್ಮ ಸೌಟನ್ನು ಪಾತ್ರೆಯೊಳಗೇ ಬಿಟ್ಟಳು. “ನಾನು ಬದುಕಿರುವಾಗಲೇ ಮನೇಲಿ ಎರಡು ಒಲೇನಾ? ಜನ ಏನಂದಾರು?”

“ಜನಾನೂ ಎರಡು ಒಲೆ ಇಡ್ತಾ ಇದಾರೆ. ನಮ್ಮನ್ನ ಅನ್ನೋಕೆ ಅವರಿಗೆ ಪುರುಸೊತ್ತಿಲ್ಲ.”

ಅಪ್ಪ ಬೇಳೆಯನ್ನು ಅನ್ನಕ್ಕೆ ಕಲೆಸಿಕೊಳ್ಳುತ್ತ, “ಎಷ್ಟು ದಿನ?” ಎಂದರು.

“ಎಣಿಕೆ ಮುಗಿಯೋ ತನಕ. ಮೂರು ವಾರ ಇರಬಹುದು. ಆಮೇಲೆ ಅಕ್ಕಪಕ್ಕ ಎರಡು ಮನೆ ತಗೊಂಡು ಒಂದರಲ್ಲಿ ಅಡುಗೆ, ಎರಡರಲ್ಲಿ ನಿದ್ದೆ.”

“ಮೂರು ವಾರ ತಾನೇ. ಇಡಿ.”

ಅತ್ತಿಗೆ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದಳು. ಅವಳ ಊಟ ಇನ್ನೂ ಆಗಿರಲಿಲ್ಲ. ನಮ್ಮ ಮನೆಯಲ್ಲಿ ಮೊದಲು ಅಪ್ಪ, ಅಣ್ಣ, ಅಣ್ಣನ ಮಗಳು ಗುಬ್ಬಿ; ಆಮೇಲೆ ನಾನು; ಆಮೇಲೆ ಅಮ್ಮ. ಅತ್ತಿಗೆಯದು ಎಲ್ಲರದೂ ಆದ ಮೇಲೆ. ಬಟ್ಟೆ ಕಾರ್ಖಾನೆಯಲ್ಲಿ ದಿನವೆಲ್ಲ ಶರ್ಟುಗಳಿಗೆ ಕಾಲರ್ ಕೂರಿಸಿ ಬರುವವಳು. ನೋಟೀಸಿನ ಬಗ್ಗೆ ಅವಳನ್ನು ಯಾರೂ ಏನೂ ಕೇಳಲಿಲ್ಲ.

ಮರುದಿನವೇ ಅಣ್ಣ ಸ್ಟೌ ತಂದ. ಅಂಗಡಿಯಲ್ಲಿ ಉಳಿದಿದ್ದು ಅದೊಂದೇ, ಅದೂ ಒಂದು ಕಾಲು ಸೊಟ್ಟಗಿದ್ದದ್ದು. ಅಣ್ಣ ಅದನ್ನು ವೆಲ್ಡಿಂಗ್ ಮಾಡಿ ನೆಟ್ಟಗೆ ನಿಲ್ಲಿಸಿದ. ಬಟ್ಟೆಯ ಬೀರುವನ್ನು ಎಳೆದು ಎರಡು ಕೋಣೆಗಳ ನಡುವಿನ ಬಾಗಿಲಿಗೆ ಅಡ್ಡ ನಿಲ್ಲಿಸಿದೆವು. ಹಿಂದಿನ ಕೋಣೆ ಅಣ್ಣನದು, ಮುಂದಿನ ಕೋಣೆ ಮತ್ತು ಹಳೆಯ ಅಡುಗೆಮನೆ ನಮ್ಮದು. ಆ ಕೋಣೆಯಿಂದ ಈ ಕೋಣೆಗೆ ಬರಬೇಕೆಂದರೆ ಹೊರಗೆ ಹೋಗಿ ಪೈಪಿನ ಪಕ್ಕದಿಂದ ಸುತ್ತಿ ಬರಬೇಕು.

ಎಣಿಕೆಯವರು ಹೇಳದೆ ಕೇಳದೆ ಬರುತ್ತಾರೆ, ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಾರೆ ಎಂದು ಕತ್ರಿ ಮಾಮ ಸುದ್ದಿ ತಂದಿದ್ದ. ಹಾಗಾಗಿ ನಿಜವಾಗಿಯೂ ಎರಡು ಅಡುಗೆ ಆಗಬೇಕಿತ್ತು. ಸಾಲಿನ ತುಂಬ ಇದೇ ನಾಟಕ. ಒಲೆ ಸಿಗದಿದ್ದ ಇಬ್ಬರು ಒಂದೇ ಒಲೆಯನ್ನು ಹಿತ್ತಲ ಗೋಡೆಯ ಮೇಲಿಂದ ದಾಟಿಸಿಕೊಳ್ಳುವ ಅಭ್ಯಾಸ ಮಾಡುತ್ತಿದ್ದರು. “ನಮ್ಮೋನಿಗೂ ನನಗೂ ಬೇರೆ ಒಲೆ ಕೊಡ್ತಾರಾ ಕೇಳ್ರಪ್ಪಾ,” ಎಂದು ಹಾಲು ಮಾರುವವಳು ಗಂಡನ ಎದುರಿಗೇ ಹೇಳಿ ಎಲ್ಲರನ್ನೂ ನಗಿಸಿದಳು.

ಮೊದಲ ದಿನ ಅತ್ತಿಗೆಯ ಕಡೆಯಿಂದ ಈರುಳ್ಳಿ ಹುರಿಯುವ ವಾಸನೆ ಬಂತು. ಅಮ್ಮ ಮೂಗೆಳೆದುಕೊಂಡು, “ಎಣ್ಣೇಲಿ ಈಜಾಡಿಸ್ತಾ ಇದಾಳೆ,” ಎಂದಳು. ನಾನು ಕೊಡ ಹಿಡಿದು ನೀರಿಗೆಂದು ಸುತ್ತಿ ಹೋಗುವಾಗ ಕಿಟಕಿಯಲ್ಲಿ ನೋಡಿದೆ. ಅತ್ತಿಗೆ ನೆಲದ ಮೇಲೆ ಕೂತಿದ್ದಳು. ತಟ್ಟೆಯಲ್ಲಿ ಬಿಸಿ ರೊಟ್ಟಿಯಿತ್ತು, ಹಬೆ ಏಳುತ್ತಿತ್ತು. ಅಣ್ಣ ಇನ್ನೂ ಕೆಲಸದಿಂದ ಬಂದಿರಲಿಲ್ಲ. ನನ್ನನ್ನು ಕಂಡು ಅವಳು ಕಳ್ಳತನ ಮಾಡುತ್ತ ಸಿಕ್ಕಿಬಿದ್ದವಳಂತೆ ಎದ್ದು ನಿಂತಳು. ಆಮೇಲೆ ನಾನೇ ಎಂದು ಗೊತ್ತಾಗಿ ಮತ್ತೆ ಕೂತು, “ಹಸಿವಾಗಿತ್ತು ಕಣೇ,” ಎಂದಳು.

ಗುಬ್ಬಿಗೆ ಮಾತ್ರ ಇದು ಅರ್ಥವಾಗಲಿಲ್ಲ. ಐದು ವರ್ಷದ ಹುಡುಗಿ. ಬೀರುವಿನ ಸಂದಿಯಲ್ಲಿ ಮುಖ ತೂರಿಸಿ, “ಅಜ್ಜೀ, ಇವತ್ತು ಏನು ಅಡುಗೆ?” ಎಂದು ಕೂಗುತ್ತಿದ್ದಳು. ಅಮ್ಮ ಬಟ್ಟಲಲ್ಲಿ ಅನ್ನ ಕಲೆಸಿ ಸಂದಿಯಲ್ಲಿ ದಾಟಿಸುತ್ತಿದ್ದಳು. ಅಣ್ಣ ಒಂದು ದಿನ ನೋಡಿ ರೇಗಿದ.

“ಅಮ್ಮಾ, ಮಗೂನ ಬಾಯಿಂದ ಒಂದು ಮಾತು ಬಂದ್ರೆ ಎಲ್ಲ ಹೋಯ್ತು. ಗುಬ್ಬೀ, ಇಲ್ಲಿ ಬಾ. ಎಣಿಕೆ ಮೇಡಂ ಬಂದು ಕೇಳಿದ್ರೆ ಏನಂತೀಯಾ?”

“ಅಜ್ಜಿ ಮನೇಲಿ ನಾನು ಊಟ ಮಾಡಲ್ಲ.”

“ಜಾಣೆ.”

ಅಮ್ಮ ಕೈಯಲ್ಲಿದ್ದ ಬಟ್ಟಲನ್ನು ಹಿಂದಕ್ಕೆ ತೆಗೆದುಕೊಂಡಳು. ಆ ಅನ್ನವನ್ನು ಅವಳೇ ತಿಂದಳು.

ಎರಡನೇ ವಾರ ಫಾರಂ ಬಂತು. ಬೇರೆಯಾದ ಕುಟುಂಬದವರು ಭರ್ತಿ ಮಾಡಿ ಮೇಡಂ ಬಂದಾಗ ಕೊಡಬೇಕು. ಸಾಲಿನವರ ಫಾರಂಗಳನ್ನೆಲ್ಲ ಬರೆಯುವವಳು ನಾನೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದರೂ ನನ್ನ ಅಕ್ಷರ ದುಂಡಗಿತ್ತು. ಬರೆಯುವುದು ನನಗೂ ಇಷ್ಟ, ಮಾತಾಡಬೇಕಾಗಿಲ್ಲವಲ್ಲ. ಅಣ್ಣ ನನಗೆ ಮೂಗಿ ಎಂದು ಹೆಸರಿಟ್ಟು ಎಷ್ಟೋ ವರ್ಷವಾಗಿತ್ತು. ಓಣಿಯವರೂ ಹಾಗೇ ಕರೆಯುತ್ತಿದ್ದರು.

ಹೆಸರು, ವಯಸ್ಸು, ಕೆಲಸ ಎಲ್ಲ ಆದ ಮೇಲೆ ಕೊನೆಗೆ ಒಂದು ಅಂಕಣವಿತ್ತು: ಬೇರೆಯಾದ ಕಾರಣ. ಅದಕ್ಕೆ ನಾಲ್ಕು ಗೆರೆಯಷ್ಟು ಜಾಗ. ಕತ್ರಿ ಮಾಮನದೂ ಸೇರಿ ಹದಿನೇಳು ಫಾರಂಗಳಲ್ಲಿ ನಾನು ‘ಜಾಗ ಸಾಲದು’ ಎಂದು ಬರೆದಿದ್ದೆ.

“ನಮ್ಮದಕ್ಕೆ ಅದನ್ನ ಬರೀಬೇಡ,” ಎಂದ ಅಣ್ಣ. “ಎಲ್ಲರೂ ಒಂದೇ ಬರೆದ್ರೆ ಮೇಡಂ ಕೆಂಪು ಗೆರೆ ಎಳೀತಾರಂತೆ. ನಿಜ ಅನ್ನಿಸೋ ಹಾಗೆ ಏನಾದ್ರೂ ಬರಿ ಮೂಗಿ. ಮನೆ ಅಂದ್ಮೇಲೆ ಇರುತ್ತಲ್ಲ, ಏನಾದ್ರೂ.”

“ಏನು ಬರೀಲಿ?”

“ನನ್ನ ಕೇಳ್ತೀಯಲ್ಲ. ಮೂಲೇಲಿ ಕೂತು ಇಡೀ ದಿನ ಎಲ್ಲರನ್ನೂ ನೋಡೋಳು ನೀನು.”

ನಾನು ಪೈಪಿಗೆ ಬೆನ್ನು ಕೊಟ್ಟು ಕೂತು ಬರೆದೆ. ಬರೆಯಲು ತಡವಾಗಲಿಲ್ಲ. ಅಣ್ಣ ಕೆಲಸಕ್ಕೆ ಹೊರಟಿದ್ದ; ಫಾರಂ ಅನ್ನು ಸೈಕಲ್ಲಿನ ಸೀಟಿನ ಮೇಲಿಟ್ಟು, ಓದದೆ, ಕೆಳಗೆ ಸಹಿ ಹಾಕಿದ. ಅತ್ತಿಗೆ ಅವನ ಹೆಸರಿನ ಪಕ್ಕ ಸಹಿ ಮಾಡಿದಳು. ಅವಳಿಗೂ ಕಾರ್ಖಾನೆಯ ಹೊತ್ತಾಗಿತ್ತು.

ಎಣಿಕೆ ಮೇಡಂ ಬಂದದ್ದು ಒಂದು ಭಾನುವಾರ ಬೆಳಿಗ್ಗೆ, ಎಲ್ಲರೂ ಮನೆಯಲ್ಲಿದ್ದಾಗ. ನಡುವಯಸ್ಸಿನ ಹೆಂಗಸು, ಹೆಗಲಲ್ಲಿ ಚೀಲ, ಕಾಲಿಗೆ ಕ್ಯಾನ್ವಾಸ್ ಶೂ. ದಣಿದಿದ್ದರು. ಅಮ್ಮ ಚಹಾ ಕೊಟ್ಟಳು. ಬೀರು, ಎರಡು ಸೌಟು, ಎರಡು ಉಪ್ಪಿನ ಡಬ್ಬಿ ಎಲ್ಲ ನೋಡಿದರು. ಬೆಸುಗೆ ಹಾಕಿದ ಕಾಲಿನ ಸ್ಟೌವಿನ ಮೇಲೆ ಅಂಗೈ ಹಿಡಿದು ಬಿಸಿ ನೋಡಿದರು. ಆಮೇಲೆ ಹಿತ್ತಲಿಗೆ ಬಂದು, ನಾವೆಲ್ಲ ಸುತ್ತ ನಿಂತಿರುವಾಗ, ಫಾರಂ ತೆಗೆದರು.

“ಬೇರೆಯಾದ ಕಾರಣ,” ಎಂದು ಓದತೊಡಗಿದರು. ಹದಿನೇಳು ಸಲ ಓದಿ ಬೇಸತ್ತ ದನಿಯಲ್ಲೇ ಶುರುಮಾಡಿದರು. “ಮನೆಗೆ ಬಂದು ಒಂಬತ್ತು ವರ್ಷವಾದರೂ ಸೊಸೆಗೆ ಒಂದು ದಿನವೂ ಮೊದಲು ಬಡಿಸಿಲ್ಲ. ಎಲ್ಲರದೂ ಆದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಅವಳು ಬಾಗಿಲ ಹತ್ತಿರ ನಿಂತು ಊಟ ಮಾಡುತ್ತಾಳೆ. ಬಸುರಿಯಿದ್ದಾಗ ಕೇಳದೆ ಒಂದು ಮೊಟ್ಟೆ ಬೇಯಿಸಿಕೊಂಡಳೆಂದು ಎರಡು ದಿನ ಮಾತು ಬಿಟ್ಟಿದ್ದರು. ಸೌಟು ಯಾವಾಗಲೂ ಅತ್ತೆಯ ಕೈಯಲ್ಲಿದೆ. ಆದುದರಿಂದ ಬೇರೆ ಒಲೆ.”

ಓದುತ್ತ ಓದುತ್ತ ಅವರ ದನಿ ತಗ್ಗಿತ್ತು. ಪೈಪಿನೊಳಗೆ ನೀರು ಹೋಗುವ ಸದ್ದು ಕೇಳುತ್ತಿತ್ತು.

ಮೇಡಂ ತಲೆಯೆತ್ತಿ ಅತ್ತಿಗೆಯನ್ನು ನೋಡಿದರು. “ಇದು ನಿಜವೇನಮ್ಮಾ?”

ಅತ್ತಿಗೆ ನೆಲ ನೋಡುತ್ತ ನಿಂತಿದ್ದಳು. ಹೂಂ ಎನ್ನಬೇಕೆಂದು ಅಣ್ಣ ಕಣ್ಣಲ್ಲೇ ಹೇಳುತ್ತಿದ್ದ, ನಾಟಕ ಕೆಡಬಾರದಲ್ಲ. ಅವಳಿಗೆ ಅದು ಕಾಣಿಸಲಿಲ್ಲ. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು.

“ಹೂಂ,” ಎಂದಳು.

ಮೇಡಂ ಗುಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. “ನೀನೆಲ್ಲಿ ಊಟ ಮಾಡೋದು ಪುಟ್ಟಾ?”

“ಅಜ್ಜಿ ಮನೇಲಿ ನಾನು ಊಟ ಮಾಡಲ್ಲ,” ಎಂದಳು ಗುಬ್ಬಿ, ಪದ್ಯ ಒಪ್ಪಿಸುವವಳಂತೆ. ಆಮೇಲೆ ಶಹಬ್ಬಾಸ್‌ಗಿರಿಗಾಗಿ ಅಜ್ಜಿಯ ಮುಖ ನೋಡಿದಳು.

ಮೇಡಂ ಅಂಚಿನಲ್ಲಿ ಕೆಂಪು ಪೆನ್ನಿನಿಂದ ಏನೋ ಬರೆದು ಮೊಹರು ಒತ್ತಿದರು. ಹೊರಡುವಾಗ ಅತ್ತಿಗೆಯ ಭುಜ ಮುಟ್ಟಿ, “ಚಿಂತೆ ಮಾಡ್ಬೇಡಿ. ನಿಮ್ಮದು ಆಗುತ್ತೆ,” ಎಂದರು.

ಅವರು ಓಣಿ ದಾಟಿದ ಮೇಲೆ ಅಮ್ಮ ಕೇಳಿದಳು.

“ಯಾರು ಬರೆದದ್ದು?”

ಅಣ್ಣ ನನ್ನ ಕಡೆ ನೋಡಿದ.

“ಮೂಗಿ ಅಂತ ನಂಬ್ಕೊಂಡಿದ್ನಲ್ಲೇ ನಿನ್ನ,” ಎಂದಳು ಅಮ್ಮ. “ಎಷ್ಟು ಹೇಳಿಕೊಟ್ಟಳು ಅವಳು ನಿನಗೆ?”

“ನಾನೇನೂ ಹೇಳಿಕೊಟ್ಟಿಲ್ಲ ಅತ್ತೆ,” ಎಂದಳು ಅತ್ತಿಗೆ.

“ಹೇಳಿಕೊಡದೆ ಮೊಟ್ಟೆ ಲೆಕ್ಕ ಇವಳಿಗೆ ಹೇಗೆ ಗೊತ್ತು? ಐದು ವರ್ಷದಿಂದ ಹೊಟ್ಟೇಲಿ ಇಟ್ಕೊಂಡಿದ್ದೆ ತಾನೇ? ನನಗೆ ಯಾರಮ್ಮಾ ಮೊದಲು ಬಡಿಸಿದ್ರು? ನಮ್ಮತ್ತೆ ತಳ ಕೆರೆದು ಸೀದದ್ದನ್ನ ಹಾಕ್ತಾ ಇದ್ರು. ಅದನ್ನ ಬರೆಯೋಕೆ ನನಗೆ ಯಾವ ಫಾರಂ ಕೊಟ್ರು?”

“ಅಮ್ಮಾ, ಅದು ಸುಳ್ಳು ಫಾರಂ ಅಮ್ಮಾ, ಮನೆಗೋಸ್ಕರ,” ಎಂದ ಅಣ್ಣ.

“ಸುಳ್ಳಿಗೆ ಯಾರಾದ್ರೂ ಅಳ್ತಾರೇನೋ?”

ಅಪ್ಪ ಮಂಡಿ ಹಿಡಿದುಕೊಂಡು ಮೆಲ್ಲಗೆ ಎದ್ದು ಒಳಗೆ ಹೋದರು. ಪೈಪ್ ಕೆಲಸದಲ್ಲಿ ಗುಂಡಿಗಿಳಿದು ಹತ್ತಿ ಅವರ ಎರಡೂ ಮಂಡಿ ಸವೆದಿದ್ದವು.

ಎಣಿಕೆ ಮುಗಿಯಿತು, ಮೂರು ವಾರವೂ ಆಯಿತು. ಬೀರು ಮಾತ್ರ ಅಲ್ಲೇ ಇತ್ತು. ಒಂದು ಬೆಳಿಗ್ಗೆ ಅಮ್ಮ ಸಂದಿಯಲ್ಲಿ ನಿಂತು, ಯಾರಿಗೂ ಅಲ್ಲವೆಂಬಂತೆ, “ನಾಟಕ ಮುಗೀತಲ್ಲ, ಇನ್ನು ಆ ಒಲೆ ಎತ್ತಬಹುದು,” ಎಂದಳು.

“ಮತ್ತೆ ನೋಡೋಕೆ ಬರ್ತಾರಂತೆ ಅತ್ತೆ,” ಎಂದಳು ಅತ್ತಿಗೆ.

“ಯಾರು ಹೇಳಿದ್ರು?”

“ಕಾರ್ಖಾನೇಲಿ ಹೇಳ್ತಿದ್ರು.”

ಯಾರೂ ಹೇಳಿರಲಿಲ್ಲವೆಂದು ನನಗೆ ಅನ್ನಿಸಿತು, ಅಮ್ಮನಿಗೂ ಅನ್ನಿಸಿರಬೇಕು. ಅವಳು ತಿರುಗಿ ಬಂದು ಪಾತ್ರೆಗೆ ಅಕ್ಕಿ ಸುರಿದಳು. ಆರು ಜನರ ಅಕ್ಕಿಯ ಅಳತೆ ಅವಳ ಕೈಗೆ ಹತ್ತಿಹೋಗಿತ್ತು. ಸುರಿದು, ನೋಡಿ, ಮೂರು ಹಿಡಿ ತೆಗೆದು ಡಬ್ಬಕ್ಕೆ ಹಾಕಿದಳು.

ಅತ್ತಿಗೆ ನನ್ನ ಹತ್ತಿರ ಆ ಬರಹದ ಬಗ್ಗೆ ಒಂದು ಮಾತೂ ಆಡಲಿಲ್ಲ. ಒಂದು ಸಂಜೆ ನಾನು ಕೊಡ ತುಂಬಿಸಿಕೊಂಡು ಹೋಗುವಾಗ ಕಿಟಕಿಯಿಂದ ಕರೆದು, ಕಾವಲಿಯಿಂದ ಆಗ ತಾನೇ ತೆಗೆದ ರೊಟ್ಟಿಯನ್ನು ಕೈಗಿಟ್ಟಳು. “ಮೊದಲನೇದು ನಿನಗೆ,” ಎಂದಳು. ಅದನ್ನು ನಾನು ಪೈಪಿನ ಮರೆಯಲ್ಲಿ ಕೂತು ತಿಂದೆ. ಅಮ್ಮನಿಗೆ ಕಂಡರೆ ಎಂದು ಭಯವಿತ್ತು.

ತಿಂಗಳಾದ ಮೇಲೆ ಮನೆಗಳ ಪಟ್ಟಿ ಬಂತು. ಅದನ್ನೂ ಪೈಪಿಗೇ ಅಂಟಿಸಿದರು. ಕತ್ರಿ ಮಾಮನಿಗೂ ಅವನ ಮಗನಿಗೂ ಎದುರುಬದುರು ಬಾಗಿಲು. ‘ಜಾಗ ಸಾಲದು’ ಎಂದು ಬರೆದ ಅಷ್ಟೂ ಜನಕ್ಕೆ ಅಕ್ಕಪಕ್ಕವೋ ಎದುರುಬದುರೋ ಸಿಕ್ಕಿತ್ತು. ನಮ್ಮದು ಹಳೆಯ ಗೋದಾಮುಗಳ ಹಿಂದೆ, ನಾಲ್ಕನೇ ಮಹಡಿ. ಅಣ್ಣನದು ಊರಿನ ಇನ್ನೊಂದು ತುದಿಯಲ್ಲಿ, ಇಟ್ಟಿಗೆ ಗೂಡುಗಳನ್ನು ದಾಟಿ, ನೆಲಮಹಡಿ. ನಡುವೆ ಎರಡು ಬಸ್ಸು.

ಮರುದಿನವೇ ಕಚೇರಿಗೆ ಹೋದೆವು. ಅಪ್ಪ, ಅಮ್ಮ, ಅಣ್ಣ, ಅತ್ತಿಗೆ, ಕಾಗದ ಬರೆಯಬೇಕಾದೀತೆಂದು ನಾನು. ಗುಮಾಸ್ತ ಒಳ್ಳೆಯವನೇ. ಅಪ್ಪನ ಮಂಡಿ ನೋಡಿ ಕುರ್ಚಿ ತರಿಸಿದ.

“ಸಾರ್, ಆ ಪೈಪು ಹಾಕಿದೋನು ನಾನು,” ಎಂದರು ಅಪ್ಪ. “ಊರಿಗೆಲ್ಲ ನೀರು ಬಂದದ್ದು ಅದರಲ್ಲಿ. ಒಂದೇ ಕಡೆ ಕೊಡಿ ಸಾರ್, ಬೇರೇನೂ ಕೇಳಲ್ಲ.”

ಗುಮಾಸ್ತ ಕಡತ ಹುಡುಕಿ ನಮ್ಮ ಫಾರಂ ತೆಗೆದ. ಓದಿಕೊಂಡ. ಅಂಚಿನ ಕೆಂಪಕ್ಷರದ ಮೇಲೆ ಬೆರಳಿಟ್ಟ.

“ನೋಡಿ, ಮೇಡಂ ಬರೆದಿದ್ದಾರೆ. ‘ತೀವ್ರ ವೈಮನಸ್ಯ. ಸೊಸೆಯ ಹಿತದೃಷ್ಟಿಯಿಂದ ದೂರದಲ್ಲಿ ಮನೆ ಕೊಡುವುದು.’ ಇಷ್ಟೆಲ್ಲ ಕಷ್ಟ ಬರ್ಕೊಂಡೋರನ್ನ ಅಕ್ಕಪಕ್ಕ ಹಾಕಿದ್ರೆ ನಾಳೆ ಏನಾದ್ರೂ ಆದ್ರೆ ನಮ್ಮನ್ನೇ ಕೇಳ್ತಾರೆ.”

“ಅದು ಸುಮ್ಮನೆ ಬರೆದದ್ದು ಸಾರ್,” ಎಂದ ಅಣ್ಣ.

“ಸುಮ್ಮನೆ ಬರೆದದ್ದು ಅಂದ್ರೆ ನೀವು ಬೇರೆಯಾಗಿಲ್ಲ ಅಂತಾಯ್ತು. ಆಗ ಆರು ಜನಕ್ಕೆ ಒಂದೇ ಮನೆ. ಹಾಗೆ ಬರ್ಕೊಡ್ತೀರಾ? ಕೊಡಿ, ನೆಲಮಹಡೀನೇ ಮಾಡಿಸ್ತೀನಿ ಯಜಮಾನ್ರಿಗೆ. ಯಾವುದು ಬೇಕು ನೀವೇ ಹೇಳಿ.”

ಅಣ್ಣ ಅಮ್ಮನ ಮುಖ ನೋಡಿದ. ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ಕುರ್ಚಿಯಲ್ಲಿ ತಿರುಗಿ, ಬಾಗಿಲ ಹತ್ತಿರ ನಿಂತಿದ್ದ ಅತ್ತಿಗೆಯನ್ನು ಕೇಳಿದರು.

“ನೀನು ಹೇಳಮ್ಮಾ. ಏನು ಮಾಡೋಣ?”

ಒಂಬತ್ತು ವರ್ಷದಲ್ಲಿ ಯಾರೂ ಅವಳನ್ನು ಹಾಗೆ ಕೇಳಿದ್ದನ್ನು ನಾನು ನೋಡಿರಲಿಲ್ಲ. ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಅಪ್ಪನ ಮಂಡಿಗಳನ್ನು ನೋಡಿದಳು. ಅಣ್ಣ ಏನೋ ಹೇಳಲು ಬಾಯಿ ತೆರೆದ.

“ಎರಡೇ ಇರಲಿ ಮಾವ,” ಎಂದಳು ಅವಳು.

“ಸರಿ,” ಎಂದರು ಅಪ್ಪ.

“ಹಾಗಾದ್ರೆ ಅಪ್ಪನಿಗೆ ನೆಲಮಹಡಿ, ನಮಗೆ ನಾಲ್ಕನೇದು ಅಂತ ಅದಲುಬದಲು ಮಾಡ್ಕೊಳ್ತೀವಿ ಸಾರ್,” ಎಂದ ಅಣ್ಣ.

“ಹೆಸರು ಬಿದ್ದ ಮೇಲೆ ಐದು ವರ್ಷ ಅದಲುಬದಲಿಲ್ಲ,” ಎಂದ ಗುಮಾಸ್ತ. ಅವನಿಗೂ ಬೇಜಾರಾದಂತೆ ಕಂಡಿತು. ನಾನು ಕೈಯಲ್ಲಿದ್ದ ಬಿಳಿ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ.

ಸಾಮಾನು ಸಾಗಿಸಲು ಸರ್ಕಾರದವರೇ ಲಾರಿ ಕಳಿಸಿದರು, ಮೊದಲ ದಿನ ನಮಗೆ, ಮರುದಿನ ಅಣ್ಣನಿಗೆ. ಬೀರು ತೆಗೆದಾಗ ಬಾಗಿಲು ಮತ್ತೆ ಕಂಡಿತು. ಗುಬ್ಬಿ ಖುಷಿಯಿಂದ ಆ ಕೋಣೆಯಿಂದ ಈ ಕೋಣೆಗೆ ಹತ್ತು ಸಲ ಓಡಿದಳು. ಆರು ಜನಕ್ಕೆ ಅನ್ನ ಮಾಡುವ ದೊಡ್ಡ ಪಾತ್ರೆಯನ್ನು ಅಮ್ಮ ಕೈಯಲ್ಲಿ ಹಿಡಿದು ತುಂಬ ಹೊತ್ತು ನಿಂತಿದ್ದಳು. ಕೊನೆಗೆ, “ನೀನೇ ಇಟ್ಕೋ,” ಎಂದು ಅತ್ತಿಗೆಯ ಕಡೆ ಚಾಚಿದಳು.

“ನಮಗೂ ದೊಡ್ಡದಾಗುತ್ತೆ ಅತ್ತೆ,” ಎಂದಳು ಅತ್ತಿಗೆ.

ಅದನ್ನು ಹಳೆಯ ಪಾತ್ರೆಯವನಿಗೆ ಹಾಕಿ ಎರಡು ಸಣ್ಣ ಪಾತ್ರೆ ತಂದರು.

ಹೊಸ ಮನೆ ಚೆನ್ನಾಗಿತ್ತು ಎಂದೇ ಹೇಳಬೇಕು. ಗೋಡೆಗೆ ಸುಣ್ಣದ ವಾಸನೆಯಿತ್ತು, ಕಿಟಕಿಗೆ ಗಾಜಿತ್ತು. ಒಳಗೇ ಕಕ್ಕಸು. ಮೊದಲ ವಾರ ಅಮ್ಮ ಅದರ ಬಾಗಿಲನ್ನು ಸುಮ್ಮಸುಮ್ಮನೆ ತೆಗೆದು ಮುಚ್ಚುತ್ತಿದ್ದಳು. ಆದರೆ ನಲ್ಲಿಯಲ್ಲಿ ನೀರು ನಾಲ್ಕನೇ ಮಹಡಿಗೆ ಏರುತ್ತಿರಲಿಲ್ಲ. ನಾನು ಕೆಳಗಿನಿಂದ ಕೊಡ ಹೊರುತ್ತಿದ್ದೆ. ಅಪ್ಪ ಬಂದ ದಿನ ಮೆಟ್ಟಿಲು ಹತ್ತಿದ್ದೇ ಹತ್ತಿದ್ದು, ಅರ್ಧ ಗಂಟೆ ಹಿಡಿಯಿತು, ಆಮೇಲೆ ಇಳಿಯಲಿಲ್ಲ. ದಿನವೆಲ್ಲ ಕಿಟಕಿಯ ಹತ್ತಿರ ಕೂರುತ್ತಿದ್ದರು. ಕೆಲವು ಸಲ ಗೋಡೆಯ ಪೈಪಿಗೆ ಕಿವಿಯಿಟ್ಟು ಕೇಳಿ, “ಇಂಜಿನಿಯರು ಸಣ್ಣ ಪೈಪು ಹಾಕಿಬಿಟ್ಟಿದ್ದಾನೆ,” ಎನ್ನುತ್ತಿದ್ದರು.

ಮೊದಲ ತಿಂಗಳು ಅಣ್ಣ ಪ್ರತಿ ಭಾನುವಾರ ಗುಬ್ಬಿಯನ್ನು ಕರೆತಂದ. ಆಮೇಲೆ ಎರಡು ವಾರಕ್ಕೊಮ್ಮೆ. ಆಮೇಲೆ, “ಬಸ್ಸಲ್ಲಿ ಗುಬ್ಬಿಗೆ ವಾಂತಿ ಆಗುತ್ತಮ್ಮಾ,” ಎಂದು ಒಬ್ಬನೇ ಬಂದ. ಅವನು ಬಂದಾಗಲೆಲ್ಲ ಅಮ್ಮ ಎಲ್ಲರ ಬಗ್ಗೆಯೂ ಕೇಳಿ, ಕೊನೆಗೆ, ಆಗಷ್ಟೇ ನೆನಪಾದವಳಂತೆ, “ಅವಳು ಹೊತ್ತಿಗೆ ಸರಿಯಾಗಿ ಊಟ ಮಾಡ್ತಾಳಾ?” ಎನ್ನುತ್ತಿದ್ದಳು.

“ಮಾಡ್ತಾಳೆ.”

“ಸ್ವಲ್ಪ ಮೈ ಬಂದಿದ್ಯಾ?”

“ಬಂದಿದೆ.”

“ಬರಲಿ,” ಎನ್ನುತ್ತಿದ್ದಳು ಅಮ್ಮ.

ಆರನೇ ತಿಂಗಳಲ್ಲಿ ಒಂದು ಭಾನುವಾರ ಅತ್ತಿಗೆಯೂ ಬಂದಳು. ಅಪ್ಪನಿಗೆ ಜ್ವರವೆಂದು ಕೇಳಿ ಬಂದಿದ್ದಳು. ನಾಲ್ಕು ಮಹಡಿ ಹತ್ತಿ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಹಣ್ಣಿನ ಪೊಟ್ಟಣ. ನಿಜವಾಗಿಯೂ ಮೈ ಬಂದಿತ್ತು, ಮುಖ ತುಂಬಿತ್ತು.

“ಇದೆಲ್ಲ ಯಾಕೆ ತಂದೆ?” ಎಂದಳು ಅಮ್ಮ, ಪೊಟ್ಟಣ ತೆಗೆದುಕೊಳ್ಳುತ್ತ.

“ಸುಮ್ಮನೆ ಅತ್ತೆ.”

ಅಪ್ಪ ಗುಬ್ಬಿಯನ್ನು ಹಾಸಿಗೆಯ ಮೇಲೆ ಕೂರಿಸಿಕೊಂಡು ಗೋಡೆಯ ಪೈಪಿಗೆ ಅವಳ ಕಿವಿ ಒತ್ತಿಸಿದರು. “ಏನಾದ್ರೂ ಕೇಳಿಸ್ತಾ? ನೀರು ಎರಡನೇ ಮಹಡೀಲಿದೆ. ಪಾಪ, ಅದಕ್ಕೂ ಮಂಡಿ ನೋವು.” ಗುಬ್ಬಿ ಬಿದ್ದು ಬಿದ್ದು ನಕ್ಕಳು. ಅತ್ತಿಗೆಯೂ ನಕ್ಕಳು. ಅಮ್ಮ ಅಡುಗೆಮನೆಯಲ್ಲಿ ನಗುತ್ತಿದ್ದದ್ದು ನನಗೆ ಕಂಡಿತು.

ಊಟದ ಹೊತ್ತಾಯಿತು. ಅಮ್ಮ ಚಾಪೆ ಹಾಸಿ ಒಂದೇ ಒಂದು ತಟ್ಟೆ ತಂದಿಟ್ಟಳು. ನೀರಿನ ಲೋಟ ಇಟ್ಟಳು. “ಬಾ, ಕೂತ್ಕೋ,” ಎಂದು ಅತ್ತಿಗೆಯನ್ನು ಕರೆದಳು.

ಅತ್ತಿಗೆ ಅಭ್ಯಾಸದಂತೆ ಅಡುಗೆಮನೆಯ ಬಾಗಿಲ ಹತ್ತಿರ ನಿಂತಿದ್ದಳು. “ಎಲ್ಲರದೂ ಆಗಲಿ ಅತ್ತೆ. ಆಮೇಲೆ ನಾನೂ ನೀವೂ ಕೂತರಾಯ್ತು.”

“ಎರಡು ಬಸ್ಸು ಹಿಡೀಬೇಕು ನೀನು. ಮೊದಲು ಊಟ ಮಾಡು.”

ಅತ್ತಿಗೆ ಬಂದು ಕೂತಳು. ಅಮ್ಮ ಬಡಿಸಿದಳು. ಪಾತ್ರೆಯ ಮೇಲಿನ ಅನ್ನ, ಹಬೆಯಾಡುವ ಬೇಳೆ, ಪಲ್ಯ. ಆಮೇಲೆ ಸಣ್ಣ ಬಟ್ಟಲಿನಲ್ಲಿ ಬೇಯಿಸಿದ ಒಂದು ಮೊಟ್ಟೆಯನ್ನು ತಂದು, ಏನೂ ಹೇಳದೆ, ತಟ್ಟೆಯ ಅಂಚಿನಲ್ಲಿಟ್ಟಳು. ಬೇರೆ ಯಾರಿಗೂ ಮೊಟ್ಟೆ ಇರಲಿಲ್ಲ. ಅತ್ತಿಗೆ ಅದನ್ನು ನೋಡುತ್ತ ಕೂತಳು. ಆಮೇಲೆ ತಲೆ ತಗ್ಗಿಸಿ ಎಲ್ಲವನ್ನೂ ಊಟ ಮಾಡಿದಳು, ಒಂದು ಅಗುಳೂ ಬಿಡದೆ. ಅಮ್ಮ ಪಕ್ಕದಲ್ಲೇ ಸೌಟು ಹಿಡಿದು ನಿಂತಿದ್ದಳು. “ಇನ್ನೂ ಸ್ವಲ್ಪ?” “ಸಾಕು ಅತ್ತೆ.” “ಸಂಕೋಚ ಮಾಡ್ಕೋಬೇಡ.” “ಇಲ್ಲ, ಸಾಕು.”

ಊಟವಾದ ಮೇಲೆ ಅತ್ತಿಗೆ ತಟ್ಟೆ ಎತ್ತಿಕೊಂಡು ಬಚ್ಚಲಿಗೆ ಹೋದಳು. ನಾನು ಹೊತ್ತು ತಂದಿಟ್ಟಿದ್ದ ನೀರಿಗೆ ಚೊಂಬು ಅದ್ದಿದಳು. ಅಷ್ಟರಲ್ಲಿ ಅಮ್ಮ ಹಿಂದೆಯೇ ಬಂದು ಅವಳ ಕೈಯಿಂದ ತಟ್ಟೆಯನ್ನು ತೆಗೆದುಕೊಂಡಳು.

“ಬಿಡಮ್ಮಾ,” ಎಂದಳು ಅಮ್ಮ, ತುಂಬ ಮೆತ್ತಗೆ. “ಮನೆಗೆ ಬಂದೋರ ಕೈಲಿ ತಟ್ಟೆ ತೊಳೆಸ್ತಾರಾ?”

ಅತ್ತಿಗೆ ಒದ್ದೆ ಕೈಗಳನ್ನು ಮುಂದೆ ಹಿಡಿದುಕೊಂಡು ಹಾಗೇ ನಿಂತಿದ್ದಳು. ನಾನು ಟವೆಲ್ ಕೊಟ್ಟೆ.